ವಾಸನೆಯಿಲ್ಲದ ಅಂಟು

"ಕಿಟಕಿ ಯಾರು ತೆಗೆದಿದ್ದು?" ಅಂಟಣ್ಣ ತಲೆ ಎತ್ತದೆ ಕೇಳಿದರು. "ಹಸಿ ಅಂಟಿನ ಮೇಲೆ ಧೂಳು ಕೂತ್ರೆ ಗೋಡೆಗೆಲ್ಲ ಮೀಸೆ ಬಂದ ಹಾಗಿರುತ್ತೆ."

"ನಾನೇ ಅಣ್ಣ. ಈ ವಾಸನೆಗೆ ತಲೆ ಸುತ್ತುತ್ತಿದೆ."

"ಯಾವ ವಾಸನೆ?"

ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡಳು ಅವಳು. ಕಟ್ಟಡಗಳ ನಕ್ಷೆ ಬರೆಯುವ ಆ ಕಚೇರಿಯ ಹಿಂದಿನ ಕೋಣೆಯಲ್ಲಿ ಮೂವತ್ತು ವರ್ಷಗಳಿಂದ ಪುಟ್ಟ ಪುಟ್ಟ ಮಾದರಿಗಳನ್ನು ಅಂಟಿಸುತ್ತಲೇ ಅವರಿಗೆ ಆ ಹೆಸರು ಅಂಟಿಕೊಂಡಿತ್ತು. ಅವಳು ಅವರ ಕೈಕೆಳಗೆ ಸೇರಿ ಎಂಟು ತಿಂಗಳು; ಹೊಟ್ಟೆಯಲ್ಲಿದ್ದ ಮಗುವಿಗೆ ನಾಲ್ಕು. ಕಚೇರಿಯಲ್ಲಿ ಇನ್ನೂ ಬಾಯಿ ಬಿಟ್ಟಿರಲಿಲ್ಲ. ಹೇಳಿದರೆ ಎಬ್ಬಿಸಿ ಫೈಲುಗಳ ಮುಂದೆ ಕೂರಿಸುತ್ತಾರೆ, ಇಷ್ಟಪಟ್ಟು ಕಲಿತ ಕೆಲಸ ಕೈತಪ್ಪುತ್ತದೆ ಎಂಬ ಹೆದರಿಕೆ.

ಮೇಜಿನ ಮೇಲೆ ಗ್ರಂಥಾಲಯವೊಂದರ ಮಾದರಿ ಅರ್ಧ ಎದ್ದು ನಿಂತಿತ್ತು. ಅದನ್ನು ನೋಡಲು ನಾಲ್ಕು ಗಂಟೆಗೆ ಜನ ಬರುವವರಿದ್ದರು. ಅಂಟಣ್ಣ ತಗಡಿನ ಡಬ್ಬಿಯಲ್ಲಿದ್ದ ಅಂಟನ್ನು ಕುಂಚದಿಂದ ಸವರಿ, ಗೋಡೆ ಒತ್ತಿ ಹಿಡಿದು, ಹತ್ತು ಎಣಿಸಿ ಕೈ ಬಿಡುತ್ತಿದ್ದರು. ಅವಳು ತನ್ನ ಚೀಲದಿಂದ ಬಿಳಿ ಅಂಟಿನ ಬಾಟಲಿ ತೆಗೆದಿಟ್ಟಳು. "ನೀರಲ್ಲಿ ಕರಗೋ ಅಂಟು. ಇದರಲ್ಲಿ ಘಾಟು ಇಲ್ಲ."

"ಇದು ಒಣಗೋಷ್ಟರಲ್ಲಿ ನಿಜವಾದ ಗ್ರಂಥಾಲಯಾನೇ ಎದ್ದಿರುತ್ತೆ ಕಣಮ್ಮ."

"ಒಂದ್ಸಲ ಎರಡನ್ನೂ ಮೂಸಿ ನೋಡಿ. ಕಣ್ಣು ಮುಚ್ಕೊಂಡು."

ಮಕ್ಕಳಾಟಕ್ಕೆ ಒಪ್ಪಿದವರಂತೆ ನಗುತ್ತ ಅವರು ಕಣ್ಣು ಮುಚ್ಚಿದರು. ಅವಳು ತಗಡಿನ ಡಬ್ಬಿಯನ್ನೇ ಅವರ ಮೂಗಿನ ಕೆಳಗೆ ಹಿಡಿದಳು. ಅಷ್ಟು ದೂರದಿಂದಲೇ ಅವಳ ಕಣ್ಣಲ್ಲಿ ನೀರಾಡಿತು. ಅಂಟಣ್ಣ ಉದ್ದಕ್ಕೆ ಉಸಿರೆಳೆದುಕೊಂಡು, "ಇದು ನಿನ್ನ ಬಿಳಿ ಅಂಟು. ಸಪ್ಪೆ" ಎಂದರು.

ಅವಳು ಕೈ ಕದಲಿಸಲಿಲ್ಲ. ಕಣ್ಣು ತೆರೆದು ಡಬ್ಬಿಯನ್ನು ನೋಡಿದ ಅವರ ನಗು ತುಟಿಯ ಮೇಲೆ ಅರೆಗಳಿಗೆ ನಿಂತು ಜಾರಿಹೋಯಿತು.

"ನೆಗಡಿ" ಎಂದರು.

"ನಿಮಗೆ ನೆಗಡಿ ಇಲ್ಲ ಅಣ್ಣ."

ಡಬ್ಬಿಯ ಮುಚ್ಚಳ ಹಾಕಿ, ಮುಷ್ಟಿಯಿಂದ ಎರಡು ಬಾರಿ ಗುದ್ದಿ ಭದ್ರಮಾಡಿದರು. ಆಮೇಲೆ ಮೆಲ್ಲಗೆ ಕೇಳಿದರು: "ನಿಂಗೀಗ ಎಷ್ಟು ತಿಂಗಳು?"

"ಯಾರು ಹೇಳಿದ್ರು ನಿಮಗೆ?"

"ಮೂಗು ಕೆಟ್ಟಿರಬಹುದು, ಕಣ್ಣು ಕೆಟ್ಟಿಲ್ಲ. ಏಳೋವಾಗೆಲ್ಲ ಮೇಜು ಹಿಡ್ಕೊಂಡು ಏಳ್ತೀಯ." ಅವರು ಎದ್ದು ಎರಡನೇ ಕಿಟಕಿಯನ್ನೂ ತೆಗೆದರು. "ಗೊತ್ತಿದ್ದೂ ದಿನಾ ನಿನ್ನ ಮುಂದೇನೇ ಈ ಡಬ್ಬಿ ತೆಗೆದಿಟ್ಟೆ ನೋಡು. ನನಗೆ ಬಾರದ ವಾಸನೆ ಯಾರಿಗೂ ಬರಲ್ಲ ಅಂದ್ಕೊಂಡುಬಿಟ್ಟಿದ್ದೆ."

ಬೀರುವಿನಲ್ಲಿ ಅಂಗಡಿಯವರು ಯಾವಾಗಲೋ ಕೊಟ್ಟುಹೋಗಿದ್ದ ಇನ್ನೆರಡು ಬಗೆಯ ಬಿಳಿ ಅಂಟುಗಳಿದ್ದವು. ಮಾದರಿಯ ಗೋಡೆಗೆ ಬಳಸುವ ಫೋಮ್ ಬೋರ್ಡಿನ ಚೂರುಗಳನ್ನು ಸಾಲಾಗಿ ಜೋಡಿಸಿ, ಕೈಗಡಿಯಾರ ಬಿಚ್ಚಿಟ್ಟುಕೊಂಡು ಇಬ್ಬರೂ ಕೂತರು. ಅವಳು ತಂದದ್ದು ಕಾಲು ಗಂಟೆಯಾದರೂ ಬೆಣ್ಣೆಯಂತೆ ಜಾರುತ್ತಿತ್ತು. ಎರಡನೆಯದು ಒಣಗಿತು, ಎಳೆದರೆ ಕಿತ್ತುಬಂತು. ಮೂರನೆಯದನ್ನು ತೆಳ್ಳಗೆ ಸವರಿ, ಗುಂಡುಸೂಜಿ ಚುಚ್ಚಿ ಬಿಟ್ಟರೆ ಐದೇ ನಿಮಿಷಕ್ಕೆ ಗಟ್ಟಿ. ಅಂಟಣ್ಣ ಎಳೆದರು, ತಿರುಚಿದರು, ಉಗುರು ಹಾಕಿ ಕೆದಕಿದರು. ಬಿಡಲಿಲ್ಲ.

"ಇದೇ ಆಗಲಿ. ಪ್ಲಾಸ್ಟಿಕ್ ಕಿಟಕಿಗಳು ಮಾತ್ರ ಇದಕ್ಕೆ ಕೂರಲ್ಲ. ಅವನ್ನ ನಾನು ಹೊರಗೆ ಮೆಟ್ಟಿಲ ಮೇಲೆ ಮಾಸ್ಕ್ ಹಾಕ್ಕೊಂಡು ಹಳೇ ಅಂಟಲ್ಲೇ ಅಂಟಿಸ್ತೀನಿ. ನೀನು ಆ ಕಡೆ ತಲೆ ಹಾಕಬೇಡ."

ಮೂರೂವರೆಗೆ ಕಚೇರಿಯ ಯಜಮಾನಿ ಬಾಗಿಲಲ್ಲಿ ಬಂದು ನಿಂತರು. ಮಾದರಿಗೆ ಛಾವಣಿ ಇನ್ನೂ ಕೂತಿರಲಿಲ್ಲ.

"ಏನಿದು? ನೀವು ಯಾವತ್ತೂ ತಡ ಮಾಡಿದವರಲ್ಲ."

"ಇವತ್ತು ಮಾಡ್ತಿದೀನಿ ಮೇಡಂ. ಐದಾಗುತ್ತೆ. ಅಂಟು ಬದಲಾಯಿಸಿದೀನಿ, ಹಳೇದು ಉಸಿರಿಗೆ ಒಳ್ಳೇದಲ್ಲ."

"ಮೂವತ್ತು ವರ್ಷ ಆದ್ಮೇಲೆ ಗೊತ್ತಾಯ್ತಾ?"

"ಹೌದು ಮೇಡಂ. ಇವಳು ಹೇಳಿದ ಮೇಲೆ."

ಯಜಮಾನಿ ಗಡಿಯಾರ ನೋಡಿ, ಅವಳನ್ನೂ ಒಮ್ಮೆ ನೋಡಿ, ಬರುವವರಿಗೆ ಚಹಾದ ಏರ್ಪಾಡು ಮಾಡಲು ಹೊರಟುಹೋದರು. ಐದಕ್ಕೆ ಹತ್ತು ನಿಮಿಷವಿರುವಾಗ ಮಾದರಿ ಮುಂದಿನ ಕೋಣೆಗೆ ಹೋಯಿತು. ಬಂದವರಲ್ಲೊಬ್ಬರು ಛಾವಣಿಯನ್ನು ಬೆರಳಿಂದ ಒತ್ತಿಯೂ ನೋಡಿದರು. ಏನೂ ಅಲುಗಲಿಲ್ಲ.

ಹಿಂದಿನ ಕೋಣೆಯ ಕೊಳಾಯಿಯಲ್ಲಿ ಇಬ್ಬರೂ ಕೈ ತೊಳೆಯುತ್ತಿದ್ದರು. ಬಿಳಿ ಅಂಟು ಬೆರಳುಗಳಿಂದ ತೆಳುವಾದ ಸಿಪ್ಪೆಯಂತೆ ಸುಲಿದು ಬರುತ್ತಿತ್ತು.

"ಡಾಕ್ಟರಿಗೆ ತೋರಿಸಿ ಅಣ್ಣ. ಯಾವಾಗಿಂದ ಹೀಗೆ?"

ಅವರು ಉಗುರಿನ ಸಂದಿಯಲ್ಲಿ ಉಳಿದಿದ್ದ ಅಂಟನ್ನು ಕೆರೆದು ತೆಗೆದರು.

"ಮೊಮ್ಮಗಳು ಹುಟ್ಟಿದಾಗ ಎಲ್ಲರೂ ಅವಳ ನೆತ್ತಿ ಮೂಸಿ ಮೂಸಿ ಹಿಗ್ಗೋರು. ನನ್ನ ಕೈಗೂ ಕೊಟ್ರು. ನಾನೂ ಬಗ್ಗಿ ಮೂಸಿ, 'ಆಹಾ' ಅಂದೆ." ಕೊಳಾಯಿ ನಿಲ್ಲಿಸಿದರು. "ಅವಳಿಗೀಗ ಏಳು ವರ್ಷ."