ಬಾಳೆನಾರಿನ ಪ್ಯಾರಾಬೋಲಾ

ಕಂಕನಾಡಿ ಮಾರ್ಕೆಟಿನಲ್ಲಿ ಒದ್ದೆ ಬಾಳೆನಾರಿನ ವಾಸನೆ ಬಂದರೆ ಈಗಲೂ ನನಗೆ ಗಣಿತದ ಹೋಂವರ್ಕ್ ನೆನಪಾಗುತ್ತದೆ.

ಅಂದು ಭಾನುವಾರ ಮಧ್ಯಾಹ್ನ. ಪ್ಯಾರಾಬೋಲಾ ಎಂಬ ಬಾಗಿದ ಗೆರೆ ಗ್ರಾಫಿನ ಅಕ್ಷಗಳನ್ನು ಎಲ್ಲೆಲ್ಲಿ ದಾಟುತ್ತದೆಂದು ಗುರುತಿಸಿ ತರಲು ಕಾನ್ವೆಂಟಿನ ಗಣಿತದ ಸಿಸ್ಟರ್ ಹೇಳಿದ್ದರು. ತಪ್ಪಿದವರಿಗೆ ಆಟದ ಪೀರಿಯಡ್ ಇಲ್ಲ. ನಾನು ಏಳು ಚುಕ್ಕಿಗಳನ್ನು ಇಟ್ಟಾಗಿತ್ತು. ಆದರೆ ಉಳಿದಿದ್ದ ಗ್ರಾಫ್ ಹಾಳೆ ಅದೊಂದೇ, ಅಂಗಡಿಗೆ ರಜೆ. ಅವನ್ನು ಸೇರಿಸಿ ಗೆರೆ ಎಳೆಯಲು ಪೆನ್ಸಿಲ್ ಎತ್ತುವುದು, ಮತ್ತೆ ಕೆಳಗಿಡುವುದು ಮಾಡುತ್ತಿದ್ದೆ.

ಪಕ್ಕದಲ್ಲಿ ಮಲ್ಲಿಗೆ ಕಟ್ಟುತ್ತಿದ್ದ ಅಜ್ಜಿ, "ಎಂತ ಮಾರಾಯ್ತಿ, ಚುಕ್ಕಿಗೂ ಹೆದರಿಕೆಯಾ?" ಎಂದು ನಕ್ಕು, ಒದ್ದೆ ನಾರೊಂದನ್ನು ಚುಕ್ಕಿಗಳ ಮೇಲೆ ಬಾಗಿಸಿ ಹಿಡಿದರು. ಅದರ ಅಂಚಿನಲ್ಲೇ ನಾನು ಪೆನ್ಸಿಲ್ ಓಡಿಸಿದೆ. ಗೆರೆ ಅಡ್ಡ ಅಕ್ಷವನ್ನು ಒಂದರಲ್ಲಿ, ಮತ್ತೆ ಐದರಲ್ಲಿ ದಾಟಿತ್ತು. ಎರಡಕ್ಕೂ ಸುತ್ತು ಹಾಕಿ ಎದ್ದೆ.

"ಕೂತ್ಕೊ. ಈ ನಿಂತ ಗೆರೆ ಎಂತ ಪಾಪ ಮಾಡಿದೆ? ಅಲ್ಲಿಯೂ ಮುಟ್ಟಿದ್ದು ಉಂಟಲ್ಲ!"

ಹೌದು, ಮೇಲೆ ಐದರಲ್ಲಿ. ಅದಕ್ಕೂ ಸುತ್ತು ಹಾಕಿದೆ.

ಮರುದಿನ ಸಿಸ್ಟರ್ ನೀರಿನ ಕಲೆ ಬಿದ್ದ ನನ್ನ ಹಾಳೆಯನ್ನು ಕ್ಲಾಸಿಗೆಲ್ಲ ಎತ್ತಿ ತೋರಿಸಿದರು. "ಮೂರನ್ನೂ ಗುರುತಿಸಿದವಳು ಇವಳೊಬ್ಬಳೇ. ಯಾರು ಹೇಳಿಕೊಟ್ಟದ್ದು?"

"ಅಜ್ಜಿ, ಸಿಸ್ಟರ್."

"ಹೌದಾ? ಅವರು ಎಂತ ಕಲಿತಿದ್ದಾರೆ?"

"ಹೂ ಕಟ್ಟಲಿಕ್ಕೆ."