ನಾಲ್ಕನೇ ಆರೋಪ

"ಕಲಸ್ತೀನವ್ವಾ. ನಿನ್ನಾಣಿ."

ಹದಿನೆಂಟು ವರ್ಷದ ಹಿಂದೆ, ಹೌರಾದ ರೈಲ್ವೆ ಕ್ವಾರ್ಟರ್ಸಿನಲ್ಲಿ ಹಾಸಿಗೆ ಹಿಡಿದಿದ್ದ ಅವ್ವನಿಗೆ ದೇವೇಂದ್ರ ಕೊಟ್ಟ ಮಾತು ಅದು. ತೊಟ್ಟಿಲಲ್ಲಿ ಮಗಳು ಇಂಚರಾ ಕೈಕಾಲು ಬಡಿಯುತ್ತಿದ್ದಳು. "ನನ್ನ ಕೈಲೆ ಆಗಲಿಲ್ಲ. ನೀನರೆ ಈ ಕೂಸಿಗೆ ನಮ್ಮ ಅಕ್ಷರ ಕಲಸು," ಎಂದಿದ್ದಳು ಅವ್ವ.

ಈಗ ಆ ಕೂಸು ಕರಿಕೋಟು ತೊಟ್ಟು, ಸಿಯಾಲ್ದಾ ಬಳಿಯ ಕಾಲೇಜಿನ ಸಭಾಂಗಣದಲ್ಲಿ ಟರ್ಕಿಯ ಮೊದಲ ಅಧ್ಯಕ್ಷ ಅತಾತುರ್ಕನ ಮೇಲೆ ಮೊಕದ್ದಮೆ ಹೂಡಿ ನಿಂತಿತ್ತು. ಇತಿಹಾಸ ವಿಭಾಗದ ಅಣಕು ನ್ಯಾಯಾಲಯ. ಆರೋಪಿ ಸತ್ತು ಎಂಬತ್ತು ವರ್ಷ ದಾಟಿದೆ. ಸಾಕ್ಷಿಕಟ್ಟೆಯಲ್ಲಿ ಅಪ್ಪ.

ದೇವೇಂದ್ರ ಬಿಬಿಡಿ ಬಾಗಿನ ರೈಲ್ವೆ ಆಫೀಸಿಗೆ ಅರ್ಧ ದಿನ ರಜೆ ಹಾಕಿ ಬಂದಿದ್ದ. ಬರದಿರಲು ನೆಪ ಹುಡುಕದೆ ಇರಲಿಲ್ಲ. ಆಡಿಟ್ ಅಂದ, ಸೊಂಟನೋವು ಅಂದ, ಕಡೆಗೆ ಕನ್ನಡಕ ಮರೆತೆ ಅಂದ.

"ಧುತ್, ಅಪ್ಪಾ! ಜಸ್ಟ್ ಎರಡು ಮಿನಿಟ್ ಓದೋದು. ಕನ್ನಡಕ ನನ್ನ ಬ್ಯಾಗಿನಾಗ ಐತಿ."

ಓದಬೇಕಾದದ್ದು ದೇವೇಂದ್ರ ಹುಡುಗನಿದ್ದಾಗ ಅವನ ಅಜ್ಜ ಧಾರವಾಡದಿಂದ ಬರೆದ ಪತ್ರ. ಅವ್ವನ ಟ್ರಂಕಿನಿಂದ ಇಂಚರಾಳೇ ಹುಡುಕಿ ತೆಗೆದಿದ್ದಳು. ಮಾಸಿದ ಹಾಳೆ, ನೀಲಿ ಶಾಯಿ. "ಇದಽ ಅಲ್ಲಾ?" ಎಂದು ಕೇಳಿದಾಗ ದೇವೇಂದ್ರ ಒಮ್ಮೆ ಕಣ್ಣು ಹಾಯಿಸಿ "ಹೂಂ, ಇದಽ" ಎಂದಿದ್ದ. ಅವ್ವ ಎಷ್ಟೋ ಸಲ ಓದಿ ಹೇಳಿದ ಪತ್ರ. ಅವನಿಗೆ ಪೂರ್ತಿ ಬಾಯಿಪಾಠ. ಆದರೂ, ಎದುರು ಪಕ್ಷದ ವಕೀಲ ಶಶಾಂಕ ಮೈಸೂರಿನ ಹುಡುಗನೆಂದು ನಿನ್ನೆ ಗೊತ್ತಾದಾಗಿನಿಂದ ಅವನು ಆ ಸಾಲುಗಳನ್ನು ಮತ್ತೆ ಮತ್ತೆ ಬಾಯಲ್ಲೇ ಹೇಳಿಕೊಳ್ಳುತ್ತಿದ್ದ.

ಇಂಚರಾ ಇಂಗ್ಲಿಷಿನಲ್ಲಿ ಗುಡುಗುತ್ತಿದ್ದಳು. ಯುದ್ಧ ಗೆದ್ದ, ದೇಶ ಉಳಿಸಿದ, ಹೆಂಗಸರಿಗೆ ಓಟು ಕೊಟ್ಟ, ಎಲ್ಲ ಒಪ್ಪಿದೆವು. ಎದುರಾಡಿದ ಪಕ್ಷಗಳ ಬಾಗಿಲು ಮುಚ್ಚಿಸಿದ್ದೂ ಅವನೇ. ಈಗ ನಾಲ್ಕನೇ ಆರೋಪ: ಕೆಲವೇ ತಿಂಗಳಲ್ಲಿ ಹಳೆಯ ಲಿಪಿ ಕಿತ್ತುಹಾಕಿದ. ಅಜ್ಜನ ಪತ್ರ ಮೊಮ್ಮಗನಿಗೆ ಮೂಕವಾಯಿತು.

"ಅದು ಹೇಗಿರುತ್ತದೆಂದು ನನಗೆ ಗೊತ್ತು. ಈ ಪತ್ರ ಓದಲು ನನಗೆ ಬರುವುದಿಲ್ಲ. ನನ್ನ ಅಪ್ಪನಿಗೆ ಬರುತ್ತದೆ."

ದೇವೇಂದ್ರ ಕನ್ನಡಕ ಏರಿಸಿದ. ಹಾಳೆ ಬಿಡಿಸಿದ.

"ಚಿರಂಜೀವಿ ದೇವೇಂದ್ರಗ ಅಜ್ಜನ ಆಶೀರ್ವಾದ. ಇಲ್ಲೆ ಎಲ್ಲಾರೂ ಕ್ಷೇಮ. ಎಷ್ಟ ದೂರ ಹೋದರೂ ಮನಿ ಮಾತು ಮರೀಬ್ಯಾಡ. ಮರತರ, ತಿರುಗಿ ಬಂದಾಗ ದಾರಿ ಯಾರನ್ನ ಕೇಳತಿ?"

ಅವ್ವನದೇ ಧಾಟಿ. ಅವ್ವ ಉಸಿರೆಳೆಯುತ್ತಿದ್ದ ಕಡೆಯೇ ಅವನೂ ಉಸಿರೆಳೆದ. ಇಂಗ್ಲಿಷಿನಲ್ಲಿ ಅರ್ಥ ಹೇಳಿದಾಗ ಮುಂದಿನ ಸಾಲಿನಲ್ಲಿ ಯಾರೋ ಮೂಗು ಒರೆಸಿಕೊಂಡರು.

ಶಶಾಂಕ ಎದ್ದ. ಸಭೆಗೆ ಇಂಗ್ಲಿಷಿನಲ್ಲೂ ದೇವೇಂದ್ರನಿಗೆ ಕನ್ನಡದಲ್ಲೂ ಕೇಳಿದ.

"ಸರ್, ಟರ್ಕಿಯಲ್ಲಿ ಆಜ್ಞೆ ಹೊರಡಿಸೋಕೆ ಒಬ್ಬ ದೊರೆ ಇದ್ದ. ನಿಮ್ಮ ಮನೇಲಿ ಈ ಅಕ್ಷರ ನಿಲ್ಲಿಸಿದ ದೊರೆ ಯಾರು?"

ಸಭೆ ನಕ್ಕಿತು.

"ಯಾರೂ ಇಲ್ಲಪಾ. ಇಕಿ ಅವ್ವ ಸೊಲ್ಲಾಪುರದಾಕಿ, ಮರಾಠಿ ಸಾಲಿ ಕಲತಾಕಿ. ಕನ್ನಡ ನಿಮ್ಮ ಪಾಲಿಂದು ಅಂತ ಕೈ ತೊಳಕೊಂಡಳು. ನಾನು ಡ್ಯೂಟಿ ಮುಗಿಸಿ ಬರೂದ್ರಾಗ ಕೂಸು ಮಲಗಿರತಿತ್ತು. ನಾಳೆ, ನಾಳೆ ಅಂತ..."

"ಪತ್ರ ನೋಡಬಹುದಾ, ಸರ್?"

ಕೊಡದೆ ದಾರಿಯಿರಲಿಲ್ಲ. ಶಶಾಂಕನ ಕಣ್ಣು ಸಾಲಿನಿಂದ ಸಾಲಿಗೆ ಇಳಿಯಿತು. ಕೊನೆಯ ಸಾಲಿನಲ್ಲಿ ನಿಂತಿತು. ಅವನು ದೇವೇಂದ್ರನನ್ನು ನೋಡಿದ. ಇಂಚರಾಳನ್ನು ನೋಡಿದ. ದೇವೇಂದ್ರ ಕಟಕಟೆಯ ಕಂಬಿಯನ್ನು ಗಟ್ಟಿಯಾಗಿ ಹಿಡಿದ.

"ನನ್ನ ಪ್ರಶ್ನೆ ಮುಗಿಯಿತು," ಎಂದು ಶಶಾಂಕ ಕೂತುಬಿಟ್ಟ.

ನ್ಯಾಯಾಧೀಶರಾಗಿದ್ದ ಬಂಗಾಳಿ ಪ್ರೊಫೆಸರಮ್ಮ ತೀರ್ಪು ಓದಿದರು. ಯುದ್ಧಕ್ಕೆ, ಶಾಲೆಗಳಿಗೆ, ಹೆಂಗಸರ ಹಕ್ಕಿಗೆ ಮೆಚ್ಚುಗೆ. ವಿರೋಧಿಗಳ ಬಾಯಿ ಕಟ್ಟಿದ್ದಕ್ಕೆ ತಪ್ಪಿತಸ್ಥ. ನಾಲ್ಕನೇ ಆರೋಪ, ಸಾಕ್ಷಿಯ ಓದಿನಿಂದಾಗಿ, ಸಾಬೀತು. ಇಂಚರಾ ಓಡಿಬಂದು ಅಪ್ಪನ ಕುತ್ತಿಗೆಗೆ ಜೋತುಬಿದ್ದಳು.

ಗೇಟಿನಾಚೆ ಚಹಾದಂಗಡಿ. ಇಂಚರಾ ಗೆಳತಿಯರ ಗುಂಪಿನಲ್ಲಿ ಕುಣಿಯುತ್ತಿದ್ದಳು. ಶಶಾಂಕ ಮಣ್ಣಿನ ಕುಡಿಕೆಯಲ್ಲಿ ಚಹಾ ತಂದುಕೊಟ್ಟು, ಮಡಿಸಿದ ಹಾಳೆಯನ್ನು ದೇವೇಂದ್ರನ ಜೇಬಿಗೆ ತಾನೇ ಇಳಿಸಿದ.

"ಗೆಲ್ಲೋ ಸಾಕ್ಷ್ಯ ನನ್ನ ಕೈಯಲ್ಲೇ ಇತ್ತು, ಸರ್. ಅವಳ ಎದುರಿಗೆ ಹೇಳೋಕೆ ಬಾಯಿ ಬರಲಿಲ್ಲ."

ಚಹಾ ತುಳುಕಿ ಬೆರಳು ಸುಟ್ಟಿತು. ದೇವೇಂದ್ರ ಮಗಳ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದ.

"ಏನು ಬರದೈತಿ ಅದರಾಗ?"

"ಶೇಂಗಾ ಚಟ್ನಿಪುಡಿ ಮಾಡೋ ವಿಧಾನ, ಸರ್. ಕೊನೇಲಿ, 'ದೇವೂಗ ಖಾರ ಕಡಿಮಿ ಹಾಕಬೇಕು' ಅಂತಿದೆ."

ಅವ್ವನಿಗೆ ಕೊಟ್ಟ ಮಾತನ್ನು ದೇವೇಂದ್ರ ನಡೆಸಿಕೊಡಲಿಲ್ಲ. ಕಲಿಸಲು ಆ ಅಕ್ಷರ ಅವನಿಗೇ ಬರುತ್ತಿರಲಿಲ್ಲ.