ಅಳಿಸದೆ ಉಳಿದ ಸಂದೇಶ

ಹತ್ತು ನಿಮಿಷ ಕಳೆದರೂ ಸಂದೇಶ ಅಳಿಯಲಿಲ್ಲ. ಗ್ರಂಥಪಾಲಕಿ ಅದನ್ನು ಮತ್ತೆ ಓದಿದಳು.

"ಕಾರು ಬೇಕು. ಬೇಗ, ತಾಯಿ."

ಬಂದದ್ದು ಬಟ್ಟೆ ಹೊಲಿಯುವವಳ ಫೋನಿನಿಂದ. ಆದರೆ ಅವಳು ಯಾವತ್ತೂ ತಾಯಿ ಎಂದವಳಲ್ಲ. ಕಳಿಸಿದ್ದನ್ನು ತಕ್ಷಣ ಅಳಿಸುತ್ತಿದ್ದಳು, ಗಂಡನ ಕಣ್ಣಿಗೆ ಬೀಳಬಾರದೆಂದು.

ಸೋಂಕಿನ ಭಯಕ್ಕೆ ಊರಿಗೆ ಊರೇ ಬೀಗ ಹಾಕಿಕೊಂಡಾಗ ಗ್ರಂಥಾಲಯವೂ ಮುಚ್ಚಿತ್ತು. ಗ್ರಂಥಪಾಲಕಿಯೂ ಅವಳ ಗೆಳತಿ ಲಾಯರಮ್ಮನೂ ಜಾಲತಾಣದಲ್ಲಿ ಪುಟ ತೆರೆದರು. ಮೊದಲ ಸಾಲು: "ಮನೆಯಲ್ಲೇ ಇರಿ ಅಂತೀರಿ, ಯಾರ ಜೊತೆ?" ಏಟು ತಿನ್ನುವ ಹೆಂಗಸರು ಬರೆಯತೊಡಗಿದರು. ಅವರನ್ನು ಮನೆಯಿಂದ ಕರೆತರಲು ಓಡಾಟದ ಪಾಸಿದ್ದದ್ದು ಒಂದೇ ಕಾರಿಗೆ. ಕಳೆದ ತಿಂಗಳು ಒಬ್ಬ ಗಂಡ ಹೆಂಡತಿಯ ಹೆಸರಿನಲ್ಲಿ ಕಾರು ಕರೆಸಿ, ಓಡಿಸುತ್ತಿದ್ದವಳ ತಲೆ ಒಡೆದಿದ್ದ. ಕೈ ಸುಟ್ಟುಕೊಂಡ ಮೇಲೆ ಪ್ರತಿಯೊಬ್ಬಳಿಗೂ ಒಂದು ಗುಟ್ಟಿನ ಪ್ರಶ್ನೆ ಇಟ್ಟರು.

"ಸೂಜಿಯಲ್ಲಿ ಯಾವ ನೂಲು?" ಗ್ರಂಥಪಾಲಕಿ ಕೇಳಿದಳು. ಹಸಿರು ಎಂದು ಬರಬೇಕು.

ಬಹಳ ಹೊತ್ತಿನ ಮೇಲೆ ಬಂತು: "ಯಾವ ನೂಲು. ಕಾರು ಕಳಸು."

ಲಾಯರಮ್ಮನಿಗೆ ಫೋನು ಹಚ್ಚಿದಳು.

"ಗಂಡಾನೇ ಕಣೇ. ಬಡ್ಡಿಮಗ ಫೋನ್ ಕಿತ್ಕೊಂಡಿದಾನೆ."

"ಅವಳೇ ಆಗಿದ್ರೆ?"

"ಅವಳಿಗೆ ನೂಲು ಮರೆಯತ್ತಾ? ಪುಸ್ತಕದ ಹುಳ, ನೀನೂ ಕರಗಿಬಿಡ್ಬೇಡ. ಬ್ಲಾಕ್ ಮಾಡು."

ಮಾಡಿದಳು. ಠಾಣೆಗೂ ವಿಳಾಸ ಹೇಳಿದಳು. "ನಮ್ಮೋರೆಲ್ಲ ರಸ್ತೆ ಕಾಯ್ತಿದಾರಮ್ಮ. ಆದಾಗ ಹೋಗ್ತೀವಿ," ಎಂದರು.

ಏನಾದರೂ ಮಾಡಲೇಬೇಕಿತ್ತು. "ಅತ್ತೆ ಬಾಗಿಲಲ್ಲೇ ಕೂತಿರ್ತಾರೆ," ಎಂದು ಹೊಲಿಯುವವಳು ಹಿಂದೊಮ್ಮೆ ಬರೆದಿದ್ದು ನೆನಪಾಯಿತು. ಕುದಿಯುತ್ತ ಪುಟಕ್ಕೆ ಬರೆದಳು: "ಗಂಡ ಹೊಡೆಯುತ್ತಾನೆ, ಅವನ ತಾಯಿ ಬಾಗಿಲು ಕಾಯುತ್ತಾಳೆ. ಸೆರೆಮನೆಗೆ ಇನ್ನೇನು ಬೇಕು?" ಒಂದು ಗಂಟೆಯಲ್ಲಿ ಸಾವಿರಾರು ಜನ ಹಂಚಿಕೊಂಡರು. ಯಾರೋ ಆ ಮುದುಕಿಗೆ ಹಿಡಿಶಾಪ ಹಾಕಿದ್ದರು. ಅದಕ್ಕೂ ಅವಳು ಮೆಚ್ಚುಗೆ ಒತ್ತಿದಳು.

ಸಂಜೆ ಮಹಿಳಾ ಪೇದೆಯ ಕರೆ ಬಂತು.

"ಮೇಡಂ, ನೀವು ಹೇಳಿದ ಮನೇಲಿದೀನಿ. ಹೊಲಿಯೋರು ತೀರ್ಕೊಂಡಿದಾರೆ. ತಲೆಗೆ ಏಟು. ಮಧ್ಯಾಹ್ನದವರೆಗೂ ಉಸಿರಿತ್ತಂತೆ, ಪ್ರಜ್ಞೆ ಇರ್ಲಿಲ್ವಂತೆ. ಆಸ್ಪತ್ರೆಗೆ ಒಯ್ಯೋಕೆ ಒಂದು ಗಾಡೀನೂ ಸಿಕ್ಲಿಲ್ವಂತೆ."

"ಅವನು?"

"ಗಂಡನಾ? ಬೆಳಗ್ಗೆ ಹೊಡೆದವನೇ ಓಡಿಹೋದ. ಇನ್ನೂ ಸಿಕ್ಕಿಲ್ಲ."

"ಅವನು ಓಡಿಹೋದ ಮೇಲೆ ಅವಳ ಫೋನು ಯಾರ ಕೈಲಿತ್ತು?"

"ಅತ್ತೆ ಕೈಲಿ ಮೇಡಂ. ಸೊಸೆ ತಲೇನ ತೊಡೆ ಮೇಲಿಟ್ಕೊಂಡು, ಒಂದೊಂದೇ ಅಕ್ಷರ ಹುಡುಕಿ ಹುಡುಕಿ, ಈಗ್ಲೂ ಒತ್ತುತ್ತಾನೇ ಇದಾರೆ."